ದಂಡದ ಡಬ್ಬಿಯ ಶಾಂತವೀರಪ್ಪ

ಶಾಂತವೀರಪ್ಪನವರು ಬರುತ್ತಿರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಕರಿ ಕೋಟಿನ ಜೇಬಿನಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಚಿಲ್ಲರೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರು ನಮ್ಮೂರ ಸೇವಾ ಕ್ಲಬ್ಬಿನಲ್ಲಿ ದಂಡ ವಸೂಲಿಯ ಅಧಿಕಾರಿ. ವಾರದ ಸಭೆಗೆ ತಡವಾಗಿ ಬಂದವರಿಗೆ, ಬ್ಯಾಡ್ಜ್ ಮರೆತವರಿಗೆ, ಭಾಷಣದ ನಡುವೆ ಆಕಳಿಸಿದವರಿಗೆ ದಂಡ. ನಯಾಪೈಸೆ ಬಂದು ವರ್ಷಗಳಾದರೂ ಅವರ ಲೆಕ್ಕ ಆಣೆಯಲ್ಲೇ. ಹೊಸ ಸೂಟಿನಲ್ಲಿ ಬಂದ ವಕೀಲರೊಬ್ಬರಿಗೆ, "ಬಟ್ಟೆ ನಮ್ಮಂಗಡೀದಲ್ಲ. ಎಂಟಾಣೆ ಹಾಕಿ ಮಾರಾಯ್ರೇ," ಎಂದು ಡಬ್ಬಿ ಚಾಚಿದ್ದನ್ನು ನೋಡಿದ್ದೇನೆ. ವರದಿಗೆಂದು ಹೋಗುತ್ತಿದ್ದ ನನಗೂ ವಿನಾಯಿತಿ ಇರಲಿಲ್ಲ. "ಪೇಪರ್‌ನೋರು ಪುಕ್ಕಟೆ ಕಾಫಿ ಕುಡಿದ್ರೆ ನಾಲ್ಕಾಣೆ." ಆ ಹಣವೆಲ್ಲ ಕ್ಲಬ್ಬು ಪ್ರತಿವರ್ಷ ನಡೆಸುತ್ತಿದ್ದ ಕಣ್ಣಿನ ಶಿಬಿರಕ್ಕೆ ಹೋಗುತ್ತಿತ್ತು.

ಅವರ ಕಣ್ಣಿಗೇ ಪೊರೆ ಬಂದಿದ್ದು ಮಾತ್ರ ನಮಗೆ ಗೊತ್ತಿರಲಿಲ್ಲ. ಬಟ್ಟೆಯನ್ನು ಎರಡು ಬೆರಳ ನಡುವೆ ತಿಕ್ಕಿಯೇ ಯಾವ ಮಿಲ್ಲಿನದೆಂದು ಹೇಳುತ್ತಿದ್ದರಲ್ಲ, ಅದನ್ನು ಕಸುಬಿನ ಜಾಣ್ಮೆ ಎಂದುಕೊಂಡಿದ್ದೆವು.

ಭದ್ರಾವತಿಯ ಶಾಲೆಯೊಂದರಲ್ಲಿ ಶಿಬಿರ ನಡೆದ ವರ್ಷ ಗುಟ್ಟು ಬಯಲಾಯಿತು. ಶಾಲೆಯ ದೊಡ್ಡ ಕೋಣೆಯ ನಡುವೆ ಶಾಂತವೀರಪ್ಪನವರ ಅಂಗಡಿಯ ಕೋರಾ ಬಟ್ಟೆಯ ಪರದೆ ಕಟ್ಟಿ, ಆಚೆ ಹೆಂಗಸರಿಗೆ, ಈಚೆ ಗಂಡಸರಿಗೆ ಚಾಪೆ ಹಾಸಿದ್ದರು. ಮೈಸೂರಿನಿಂದ ಡಾಕ್ಟರು ಬಂದಿದ್ದರು. ಆದರೆ ಕಣ್ಣಿಗೆ ಚಾಕು ಹಾಕುತ್ತಾರೆಂಬ ಸುದ್ದಿ ಹಬ್ಬಿ ಜನ ಬಾಗಿಲಲ್ಲೇ ನಿಂತುಬಿಟ್ಟರು. ಕೆಲವರು ವಾಪಸು ಹೊರಟರು. ಶಾಂತವೀರಪ್ಪನವರು ಮುನ್ನುಗ್ಗಿ, ತಲೆತುಂಬ ಕಂಬಳಿ ಹೊದ್ದಿದ್ದ ಒಬ್ಬರ ಕೈ ಹಿಡಿದು, "ಬಾ ಅಜ್ಜ, ಹೆದರ್ಬೇಡ. ಇರುವೆ ಕಚ್ಚಿದಂಗೂ ಆಗಲ್ಲ," ಎಂದರು.

"ಯಾರಯ್ಯ ಅಜ್ಜ?" ಕಂಬಳಿ ಸರಿಯಿತು. ಕಾರ್ಖಾನೆಯ ಕೆಲಸಗಾರನೊಬ್ಬನ ತಾಯಿ ಮುನಿಯಮ್ಮ. ಮೂಗುತಿ, ಹಣೆಯಲ್ಲಿ ಕಾಸಗಲ ಕುಂಕುಮ. "ನನ್ಗಾದ್ರೂ ಮಬ್ಬು ಮಬ್ಬು ಕಾಣ್ತದೆ. ನಿನ್ಗೆ ಹೆಂಗ್ಸು ಗಂಡ್ಸು ಅಂತ್ಲೂ ಕಾಣಲ್ವಾ? ಮೊದ್ಲು ನೀನ್ ಮಲ್ಕೋ ಹೋಗು. ಆಮೇಲೆ ನಾನ್ ಬರ್ತೀನಿ."

ಜನ ಹೋ ಎಂದು ನಕ್ಕರು. ಡಾಕ್ಟರು ಶಾಂತವೀರಪ್ಪನವರ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು, "ಒಂದು ಕಣ್ಣಿನ ಪೊರೆ ಪೂರ್ತಿ ಬಲಿತಿದೆಯಲ್ರೀ! ಯಾಕ್ ಹೇಳ್ಲಿಲ್ಲ?" ಎಂದು ಕೇಳಿದರು.

"ಹೆದ್ರಿಕೆ, ಸ್ವಾಮಿ," ಎಂದರು ಶಾಂತವೀರಪ್ಪನವರು, ಮೆಲ್ಲಗೆ. ಒಮ್ಮೆ ಬಾಗಿಲ ಕಡೆ ತಿರುಗಿ, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಅವರ ಹಿಂದೆ ಮುನಿಯಮ್ಮ ಹೋದಳು. ಅವಳ ಹಿಂದೆ ಮಿಕ್ಕವರು.

ಆಗೆಲ್ಲ ಪೊರೆ ತೆಗೆದ ಮೇಲೆ ಕಣ್ಣು ಕಟ್ಟಿ, ತಲೆಯ ಎರಡೂ ಪಕ್ಕ ಮರಳಿನ ಚೀಲವಿಟ್ಟು, ದಿನಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದರು. ಕೆಮ್ಮಬಾರದು, ನಗಬಾರದು, ಮಾತಂತೂ ಬೇಡವೇ ಬೇಡ. ಕ್ಲಬ್ಬಿನವರು ಹಳೆಯ ಸೇಡು ತೀರಿಸಿಕೊಂಡರು: ಶಾಂತವೀರಪ್ಪನವರ ಡಬ್ಬಿಯನ್ನೇ ಅವರ ತಲೆದೆಸೆಯಲ್ಲಿಟ್ಟು, ಮಾತಿಗೊಂದಾಣೆ ದಂಡ ಎಂದರು. ಪರದೆಯಾಚೆ ಮಲಗಿದ್ದ ಮುನಿಯಮ್ಮನದೇ ಕಾವಲು.

"ಸಾವ್ಕಾರ ಮತ್ತೆ ಮಾತಾಡ್ದ! ಹಾಕ್ಸಿ ದಂಡ!"

"ನೀನೂ ಮಾತಾಡ್ದೆ ಕಣಮ್ಮಾ!"

"ನಾನೇನ್ ಕ್ಲಬ್ ಮೆಂಬ್ರಾ?"

ಕನ್ನಡಕ ಕೊಟ್ಟ ದಿನ ಅವಳು ಪರದೆ ಸರಿಸಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ದನಿ ಕೇಳಿ ಪೈಲ್ವಾನ ಅಂದ್ಕೊಂಡಿದ್ದೆ. ಇಷ್ಟೇನಾ ನೀನು?" ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಆ ನಗುವಿಗೂ ತಾವೇ ದಂಡ ಹಾಕಿದರು. ಅಲ್ಲಿಂದಾಚೆ ಭದ್ರಾವತಿಯ ಪ್ರತಿ ಶಿಬಿರದ ಬಾಗಿಲಲ್ಲಿ ಇಬ್ಬರೂ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ನಿಂತು, ಅಂಜಿದವರನ್ನು ಗದರಿ ಒಳಗೆ ಕಳಿಸುತ್ತಿದ್ದರು.

ಶಾಂತವೀರಪ್ಪನವರು ತೀರಿಕೊಂಡ ಸುದ್ದಿಯನ್ನು ಬರೆದವನು ನಾನೇ. ಮರುವರ್ಷದ ಶಿಬಿರದಲ್ಲಿ ಕ್ಲಬ್ಬಿನ ಅಧ್ಯಕ್ಷರು ಅವರ ಗುಣಗಾನ ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಬಾಗಿಲಲ್ಲಿ ಜನ ಅಂಜಿಕೊಂಡು ನಿಂತಿದ್ದರು. ಮುನಿಯಮ್ಮ ಎದ್ದು, ಮೇಜಿನ ಮೇಲೆ ಹೂ ಮುಡಿಸಿಟ್ಟಿದ್ದ ಡಬ್ಬಿಯನ್ನು ತೆಗೆದು ಅಧ್ಯಕ್ಷರ ಮೂಗಿನ ಕೆಳಗೆ ಅಲ್ಲಾಡಿಸಿದಳು.

"ಮಾತ್ ಜಾಸ್ತಿ ಆಯ್ತು. ದಂಡ ಹಾಕಿ ಕುಂತ್ಕಳಿ. ಜನ ಕಾಯ್ತಾವ್ರೆ."

ಖಾಲಿ ಡಬ್ಬಿ ಸದ್ದು ಮಾಡಲಿಲ್ಲ. ಅಧ್ಯಕ್ಷರು ಜೇಬಿನಿಂದ ಚಿಲ್ಲರೆ ತೆಗೆದು ಹಾಕಿದ ಮೇಲೆ ಮಾಡಿತು. ಆ ಸದ್ದಿಗೆ ಕ್ಲಬ್ಬಿನ ಹಳಬರೆಲ್ಲ, ಶಾಂತವೀರಪ್ಪನವರೇ ಬಂದರೇನೋ ಎಂಬಂತೆ, ಒಟ್ಟಿಗೆ ಬಾಗಿಲ ಕಡೆ ತಿರುಗಿ ನೋಡಿದರು.