ಪಲ್ಲವಿ ಸಾಕು ಎಂದ ಸಭೆ

ಕಳೆದ ಶುಕ್ರವಾರ ಸಂಜೆ ದೋಹಾ ಪಕ್ಕದ ಅಲ್ ವಕ್ರಾದ ಕಡಲ ಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಕರಕ್ ಚಹಾ ಕುಡಿಯುತ್ತಿದ್ದೆ. ಪಕ್ಕದ ಕಾರಿನ ಕಿಟಕಿಯಿಂದ ಒಂದು ಹೆಣ್ಣುದನಿ ಹೊರಗೆ ಬಂತು. ‘ದೋಣಿ ಬಂತು, ಮೀನು ಬಂತು, ನೀನು ಬರಲಿಲ್ಲ.’ ಅಪ್ಪಟ ಕನ್ನಡ. ಹಿಂದೆ ಗಿಟಾರು, ಬೇಕೆಂದೇ ಒಂದು ಹೆಜ್ಜೆ ತಡಮಾಡಿ ನಡೆಯುವವರ ಹಾಗೆ, ಬಿಟ್ಟು ಬಿಟ್ಟು ನುಡಿಯುತ್ತಿತ್ತು. ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡು ಇಳಿದು ಹೋಗಿ, ಯಾರ ಹಾಡು ಎಂದು ಕೇಳಿದೆ. ಸ್ಟೇರಿಂಗ್ ಹಿಡಿದಿದ್ದವಳು ಲೆಬನಾನ್ ಕಡೆಯ ಹುಡುಗಿ. “ಯಾರೋ ಹಳೆಯ ಇಂಡಿಯನ್ ಲೇಡಿ, ಅಂಕಲ್. ಯುರೋಪಿನವರು ಯಾರೋ ಈ ಕ್ಯಾಸೆಟ್ ಹುಡುಕಿ ಮತ್ತೆ ಹೊರತಂದಿದ್ದಾರೆ. ತುಂಬಾ ಅಪರೂಪದ್ದು” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಯಾರೋ ಅಂತೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅಂಕಲ್ ಎಂದದ್ದಕ್ಕೆ ಸ್ವಲ್ಪ ಬಂತು, ಅದು ಬೇರೆ ವಿಷಯ. ನನ್ನ ಸಿಟ್ಟಿರುವುದು ಈ ಹಾಡಿನ ಪ್ರತಿ ಮಾತೂ ಅರ್ಥವಾಗುವ ಜನರ ಮೇಲೆ. ಅವರು ನಮ್ಮವರು. ಅದಕ್ಕೇ ಇಷ್ಟು ಸಿಟ್ಟು.

ಆ ದನಿಯ ಹೆಸರು ಐರಿನ್. ನಮಗೆಲ್ಲ ಐರಿನಕ್ಕ. ಮಂಗಳೂರಿನ ಬಂದರಿನ ಕಡೆಯವರು. ಅಪ್ಪ ಮೀನುಗಾರಿಕೆ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದರು. ಇಗರ್ಜಿಯಲ್ಲಿ ಹಾಡಿ ಬೆಳೆದ ಹುಡುಗಿ. ಅಣ್ಣ ಸರಕು ಹಡಗಿನ ಅಡುಗೆಮನೆಯಲ್ಲಿದ್ದ. ಪ್ರತಿ ಸಲ ಬರುವಾಗಲೂ ಎಲ್ಲೆಲ್ಲಿಯದೋ ಕ್ಯಾಸೆಟ್ ತರುತ್ತಿದ್ದ. ಅವುಗಳಲ್ಲಿ ಜಮೈಕಾದ ರೆಗ್ಗೆ ಇವರ ತಲೆಗೇರಿತು. ಮುಂಬೈಗೆ ಟೈಪಿಸ್ಟ್ ಕೆಲಸಕ್ಕೆಂದು ಹೋದವರು ಹಗಲು ಟೈಪು ಹೊಡೆದು ಸಂಜೆ ಹೋಟೆಲ್ ಬ್ಯಾಂಡಿನಲ್ಲಿ ಹಾಡತೊಡಗಿದರು. ಡಿಸ್ಕೋ ಜೋರಾಗಿದ್ದ ಕಾಲ. ಬೆಳ್ಳಿ ಬಣ್ಣದ ಮಿರುಗುವ ಜಾಕೆಟ್ಟು ತಾವೇ ಹೊಲಿದುಕೊಂಡು ವೇದಿಕೆ ಹತ್ತಿದರಂತೆ. ಒಂದೇ ಒಂದು ಕ್ಯಾಸೆಟ್ ಮಾಡಿದರು. ಒಂದು ಬದಿ ಡಿಸ್ಕೋ, ಇನ್ನೊಂದು ಬದಿ ರೆಗ್ಗೆ. ಮಾತೆಲ್ಲ ಅವರದೇ, ಕನ್ನಡದಲ್ಲಿ.

“ಮನೆ ಮಾತು ಕೊಂಕಣಿ ಅಲ್ಲವಾ, ಕನ್ನಡ ಯಾಕೆ?” ಎಂದು ಒಮ್ಮೆ ಕೇಳಿದ್ದೆ.

“ಕೊಂಕಣಿಯಲ್ಲಿ ಹಾಡಿದ್ರೆ ನಮ್ಮ ಇಗರ್ಜಿಯವರು ಮಾತ್ರ ಬೈತಾರೆ ಮಾರಾಯ. ಕನ್ನಡದಲ್ಲಾದ್ರೆ ಇಡೀ ಬಸ್ಸಿನವರು ಬೈತಾರೆ ಅಂತ ಆಸೆ.”

ಬೈಯಲಿಕ್ಕೂ ಯಾರೂ ಕೇಳಲಿಲ್ಲ. ಕ್ಯಾಸೆಟ್ ಕಂಪನಿ ಮುಚ್ಚಿತು. ಐರಿನಕ್ಕ ದೋಹಾದ ಹೋಟೆಲೊಂದರ ಬ್ಯಾಂಡಿಗೆ ಬಂದರು. ಗೋವಾದ ಗಿಟಾರು, ಸಿಂಹಳದ ಡ್ರಮ್ಮು, ಇವರ ದನಿ. ದುಖಾನಿನ ಎಣ್ಣೆ ಕಂಪನಿಯವರು ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಕುಣಿಯಲು ಬರುತ್ತಿದ್ದರಂತೆ. ವರ್ಷಗಳು ಕಳೆದವು, ಹೋಟೆಲಿನವರಿಗೆ ಎಳೆಯ ಮುಖ ಬೇಕಾಯಿತು. ಇವರು ಇಂಡಿಯನ್ ಶಾಲೆಯೊಂದರ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಹಿಡಿದರು. ನಾನು ಕಂಡದ್ದು ಈ ಐರಿನಕ್ಕನನ್ನು. ದೋಹಾದ ಅಲ್ ಥುಮಾಮಾದಲ್ಲಿ ಹಲಗೆ ಹೊಡೆದು ಕೋಣೆ ಕೋಣೆ ಮಾಡಿದ ಒಂದು ವಿಲ್ಲಾದಲ್ಲಿ, ಗೋಡೆಯ ಆಚೆ ಅವರು, ಈಚೆ ನಾನು.

ನಾನು ಶಹಾಬಾದ್ ಕಡೆಯ ಕಲ್ಲುಗಣಿಯ ಊರಿನವನು, ದುಖಾನಿನಲ್ಲಿ ಇಂಜಿನಿಯರು. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲ ಮನುಷ್ಯ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳದವರಿಗೂ ಹೇಳುತ್ತೇನೆ. “ಇನ್ನ ವಾಚ್‌ಮನ್‌ಗ ಹೇಳೋದೊಂದು ಬಾಕಿ ಅದ ನೋಡ್ರಿ” ಎಂದು ಹೆಂಡತಿ ಅಣಕಿಸುತ್ತಾಳೆ. ಸಂಗೀತದಲ್ಲಿ ನನಗೆ ಗೊತ್ತಿದ್ದದ್ದು ಮೊಹರಮ್ಮಿನ ಹಲಗಿ ಬಾರಿಸುವುದು ಮಾತ್ರ. ಅದು ತಿಳಿದದ್ದೇ ಐರಿನಕ್ಕ ಒಂದು ಖಾಲಿ ಎಣ್ಣೆ ಡಬ್ಬ ನನ್ನ ಮುಂದಿಟ್ಟರು.

“ಒಂದನೇ ಪೆಟ್ಟು ಬಿಡು, ಇಂಜಿನಿಯರೇ. ಎಲ್ಲರೂ ಹೊಡಿಯುವ ಕಡೆ ನಾವು ಸುಮ್ಮನಿರುವುದು. ಅದೇ ರೆಗ್ಗೆ.”

“ಬಿಡ್ಲಿಕ್ಕ ಆಗಲ್ರಿ ಅಕ್ಕಾ. ನಮ್ಮ ಕಡಿ ಮೊದಲನೇ ಏಟಿಗೇ ಹಲಗಿ ಹರೀಬೇಕು.”

“ಹರಿಯುವುದು ಹಲಗಿ ಅಲ್ಲ, ನನ್ನ ಕಿವಿ!”

ನಾನು ಕೊನೆಗೂ ಕಲಿಯಲಿಲ್ಲ. ಆದರೆ ಆ ಹಾಡು ಪೂರ್ತಿ ಕಲಿತೆ. ದೋಣಿ ಬಂದರೂ ಗಂಡ ಬಾರದ ಹೆಂಗಸೊಬ್ಬಳು ದಡದಲ್ಲಿ ನಿಂತಿದ್ದಾಳೆ. ಪಲ್ಲವಿ ಕೇಳಿದರೆ ಅಳುವ ಹೆಂಗಸು ಅನ್ನಿಸುತ್ತದೆ. ಕೊನೆಯ ಚರಣದಲ್ಲಿ ಅವಳು ಸೀರೆ ಎತ್ತಿ ಕಟ್ಟಿ ತಾನೇ ದೋಣಿ ನೂಕಿಕೊಂಡು ಕಡಲಿಗಿಳಿಯುತ್ತಾಳೆ. ಆಗ ಅದೇ ತಾಳ ಕುಣಿಯತೊಡಗುತ್ತದೆ. ಆ ಚರಣ ಕೇಳದವರು ಆ ಹಾಡನ್ನೇ ಕೇಳಿಲ್ಲ.

ಕೆಲವು ವರ್ಷಗಳ ಹಿಂದೆ, ಶಾಲೆಯ ಕೆಲಸ ಮುಗಿದು, ಊರಿಗೆ ಶಾಶ್ವತವಾಗಿ ಹೊರಡುವ ದಿನ ಹತ್ತಿರ ಬಂದಾಗ ಐರಿನಕ್ಕ ನನ್ನ ಹತ್ತಿರ ಒಂದೇ ಮಾತು ಹೇಳಿದರು. “ಹೋಟೆಲಲ್ಲಿ ಎಲ್ಲ ದೇಶದವರಿಗೂ ಇದನ್ನು ಹಾಡಿದೆ. ಮಾತು ಅರ್ಥ ಆಗುವವರ ಎದುರು ಒಮ್ಮೆಯೂ ಹಾಡ್ಲಿಲ್ಲ ನೋಡು. ಒಂದ್ಸಲ ಹಾಡಿ ಹೋಗ್ಬೇಕು.”

ನಾನು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಭಾಸ್ಕರಣ್ಣನ ಹತ್ತಿರ ಹೋದೆ. ಕಟ್ಟಡ ಸಾಮಗ್ರಿಯ ವ್ಯಾಪಾರದವರು, ಕೈ ದೊಡ್ಡದು, ಮಾತು ಇನ್ನೂ ದೊಡ್ಡದು.

“ಹೋಟೆಲಲ್ಲಿ ಹಾಡುವವರಲ್ವಾ ಸಾರ್? ನಮ್ಮದು ಫ್ಯಾಮಿಲಿ ಪ್ರೋಗ್ರಾಂ.”

“ಅವರೂ ಒಂದು ಮನಿಯಿಂದೇ ಬಂದಾರ್ರಿ.”

“ಛೆ, ನಾನು ಹಾಗೆ ಹೇಳಿದ್ದಲ್ಲ. ಯಲ್ಲಾ, ಆಯ್ತು ಬಿಡಿ, ಒಂದು ಸನ್ಮಾನ ಮಾಡಿಬಿಡುವ. ಆಮೇಲೆ ಒಂದು ಹಾಡು. ಖುಷಿಯಾ?”

ಖುಷಿಯಾಯಿತು. ಸನ್ಮಾನ ಎಂದರೇನೆಂದು ನನಗೆ ಗೊತ್ತಿರಬೇಕಿತ್ತು. ನಾನು ಡಿಗ್ರಿ ಮುಗಿಸಿದ ವರ್ಷ ನಮ್ಮೂರ ಮುಖಂಡನೊಬ್ಬ ನನ್ನನ್ನು ವೇದಿಕೆಗೆ ಕರೆದು ಹಾರ ಹಾಕಿ, ಅರ್ಧ ತಾಸು ತನ್ನ ವಿಷಯವನ್ನೇ ಮಾತಾಡಿದ್ದ. ಕಲ್ಲು ಒಡೆದು ನನ್ನನ್ನು ಓದಿಸಿದ ಅಪ್ಪ ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದ. ನನಗೆ ಮೈಕು ಸಿಗಲಿಲ್ಲ, ಫೋಟೋ ಸಿಕ್ಕಿತು.

ಬಾಡಿಗೆಗೆ ಹಿಡಿದ ಸಭಾಂಗಣ. ಐರಿನಕ್ಕ ಆ ಬೆಳ್ಳಿ ಜಾಕೆಟ್ಟು ಹಾಕಿಕೊಂಡು ಬಂದರು. ಇಷ್ಟು ವರ್ಷದ ಮೇಲೂ ಅದು ಮಿರುಗುತ್ತಿತ್ತು, ಮುಖವೂ. ಪ್ರಾಯೋಜಕರಿಗೆಲ್ಲ ಸ್ಮರಣಿಕೆ, ಸ್ಮರಣಿಕೆ ಕೊಟ್ಟವರಿಗೆ ಸ್ಮರಣಿಕೆ, ಕನ್ನಡ ಬಾರದ ಮಕ್ಕಳಿಂದ ಕನ್ನಡ ಹಾಡಿಗೆ ಕುಣಿತ, ಮುಖ್ಯ ಅತಿಥಿಯ ಭಾಷಣ. ಆ ಮಹಾನುಭಾವರು ತಾಯ್ನುಡಿಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಐರಿನಕ್ಕ ಪರದೆಯ ಪಕ್ಕದಲ್ಲಿ ನಿಂತೇ ಇದ್ದರು, ಗಂಟಲು ಒಣಗದಿರಲೆಂದು ಬಿಸಿನೀರು ಗುಟುಕರಿಸುತ್ತಾ.

ಕೊನೆಗೆ ಕರೆದರು. ನಿರೂಪಕಿ “ಭಕ್ತಿಗೀತೆಗಳ ಮೂಲಕ ಮನೆಮಾತಾದ ಗಾಯಕಿ” ಎಂದಳು. ಯಾರು ಬರೆದುಕೊಟ್ಟರೋ! ಜಾಕೆಟ್ಟಿನ ಮೇಲೆ ಶಾಲು ಬಿತ್ತು, ಮಿರುಗು ಮುಚ್ಚಿತು. ತಲೆಗೆ ಪೇಟ, ಕೊರಳಿಗೆ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಬುಟ್ಟಿಯ ಮೇಲೆ ಫಲಕ. ಮೈಕು ಹಿಡಿಯಲು ಕೈಯೇ ಉಳಿಯಲಿಲ್ಲ. ಅಷ್ಟರಲ್ಲಿ ಸಭಾಂಗಣದ ಕಾವಲಿನವನು ಬಂದು “ಖಲಾಸ್, ಖಲಾಸ್” ಎನ್ನತೊಡಗಿದ. ಹಿಂದಿನ ಸಾಲಿನವರು ಬಿರಿಯಾನಿಗೆ ಎದ್ದಾಗಿತ್ತು. ಭಾಸ್ಕರಣ್ಣ ಬಗ್ಗಿ ಅವರ ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು. “ಅಕ್ಕ, ಪಲ್ಲವಿ ಸಾಕು. ಎರಡು ಲೈನು ಹೇಳಿ, ಫೋಟೋ ತೆಗೆಯುವ.”

ಐರಿನಕ್ಕ ಬುಟ್ಟಿ, ಫಲಕ ಕೆಳಗಿಟ್ಟು ಎದ್ದರು. ಒಂದೊಂದಾಗಿ ಪೇಟ, ಹಾರ, ಶಾಲು ತೆಗೆದು ಕುರ್ಚಿಯ ಮೇಲಿಟ್ಟರು. ಮೈಕು ತೆಗೆದುಕೊಂಡರು. “ನಾನು ಅರ್ಧ ಹಾಡು ಹಾಡುವುದಿಲ್ಲ. ಅರ್ಧಕ್ಕೆ ನಿಲ್ಲಿಸಿದ್ರೆ ಆ ಹೆಂಗಸು ದಡದಲ್ಲೇ ಅಳ್ತಾ ಉಳೀತಾಳೆ. ನೀವು ಊಟ ಮಾಡಿ” ಎಂದರು. ಕೆಲವರು ಚಪ್ಪಾಳೆ ತಟ್ಟಿದರು! ಊಟ ಎಂದಷ್ಟೇ ಕೇಳಿಸಿರಬೇಕು. ಅದೇ ವಾರ ಅವರು ವಿಮಾನ ಹತ್ತಿದರು.

ಇದೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಗೊತ್ತೇ? ಮೊನ್ನೆ ಭಾಸ್ಕರಣ್ಣನ ಫೋನು ಬಂತು. ಯುರೋಪಿನವರು ಕ್ಯಾಸೆಟ್ ಹೊರತಂದ ಸುದ್ದಿ ಅವರ ಮೊಬೈಲಿಗೂ ತಲುಪಿದೆ. “ಸಾರ್, ನಮ್ಮ ಐರಿನಕ್ಕನ ನಂಬರ್ ಕೊಡಿ. ಈ ಸಲ ಅವರೇ ಮುಖ್ಯ ಅತಿಥಿ. ನಮ್ಮ ಹೆಮ್ಮೆ ಅಲ್ವಾ?” ನಮ್ಮ ಐರಿನಕ್ಕ. ನಮ್ಮ ಹೆಮ್ಮೆ. ವಿದೇಶದವರು ಹೇಳುವ ತನಕ ಈ ನಮ್ಮ ಎಲ್ಲಿ ಮಲಗಿತ್ತು?

ಕೇಳಿ ಹೇಳುತ್ತೇನೆ ಎಂದು ಮಂಗಳೂರಿಗೆ ಫೋನು ಹಚ್ಚಿದೆ. ಆ ಕಡೆ ಬಂದ ದನಿ ಗುರುತೇ ಸಿಗಲಿಲ್ಲ. ಒಡೆದ ದನಿ. ಗಂಟಲಿನ ಗಡ್ಡೆಗೆ ಆಪರೇಷನ್ ಆಗಿದೆಯಂತೆ.

“ಮಾತಾಡ್ಲಿಕ್ಕೆ ಅಡ್ಡಿಯಿಲ್ಲ. ಹಾಡ್ಲಿಕ್ಕೆ ಮಾಫಿ, ಇಲ್ಲವೇ ಇಲ್ಲ ಮಾರಾಯ.”

ನಾನು ಸಂಘದ ಆಹ್ವಾನ ಹೇಳಿದೆ. ಆ ಕಡೆ ನಗು ಕೆಮ್ಮಿಗೆ ತಿರುಗಿ, ಮತ್ತೆ ನಗುವಾಯಿತು. “ಈಗ ನಾನು ಅವರಿಗೆ ಸರಿಯಾದ ಹಾಡುಗಾರ್ತಿ ನೋಡು! ಹಾಡ್ತಾಳೆ ಅನ್ನುವ ಹೆದರಿಕೆಯೇ ಇಲ್ಲ.”

ನನಗೆ ನಗು ಬರಲಿಲ್ಲ. ಭಾಸ್ಕರಣ್ಣನಿಗೆ ತಿರುಗಿ ಫೋನು ಮಾಡಿದೆ. “ಅವರು ಬರಲ್ರಿ. ಅವರ ಹಾಡು ಅದ. ಸಭಾದಾಗ ಎಲ್ಲಾಕ್ಕಿಂತ ಮೊದಲ ಅದನ್ನ ಹಚ್ಚರಿ. ಕಡೀ ಚರಣ ಮುಗಿಯೋ ತನಕ ಭಾಷಣ ಇಲ್ಲ, ಸನ್ಮಾನ ಇಲ್ಲ, ಊಟ ಇಲ್ಲ. ಆಗ್ತದೇನು?”

“ಟೈಮ್ ನೋಡ್ಬೇಕು ಸಾರ್. ಈ ಸಲ ಸ್ಪಾನ್ಸರ್ಸ್ ಜಾಸ್ತಿ ಉಂಟು.”

ನಾನು ಫೋನು ಇಟ್ಟೆ. ನಂಬರು ಕೊಡಲಿಲ್ಲ. ದುಖಾನಿನ ಕೆಲಸ, ಮರಳು, ಮನೆ, ಇಷ್ಟರ ನಡುವೆ ಕನ್ನಡದವರ ಜೊತೆ ಕೂರಲು ನನಗಿದ್ದದ್ದು ಆ ಸಂಘವೊಂದೇ. ಈ ವರ್ಷ ಅಲ್ಲಿಗೆ ಹೋಗುವುದಿಲ್ಲ. ಹಾಡು ಮುಗಿಯುವ ತನಕ ಕೂರಲಾರದವರ ಪಕ್ಕದಲ್ಲಿ ನನಗೂ ಕೂರಲು ಆಗುವುದಿಲ್ಲ.