ಆಫೀಸಿನ ರೋಬೋಗಳು

ನನ್ನ ಗಾಜಿನ ಕಪಾಟಿನಲ್ಲಿ ಹನ್ನೊಂದು ರೋಬೋಗಳಿವೆ. ಜಪಾನಿನ ಕಾರ್ಟೂನುಗಳಲ್ಲಿ ಊರುಗಳನ್ನು ತುಳಿದುಕೊಂಡು ಓಡಾಡುವ ದೈತ್ಯರ ಪುಟ್ಟ ಪ್ರತಿಗಳು. ಕಥೆಯಲ್ಲಿ ಒಂದೊಂದೂ ಆರು ಅಂತಸ್ತಿನ ಎತ್ತರ, ನನ್ನ ಕಪಾಟಿನಲ್ಲಿ ಅರ್ಧ ಗೇಣಿಗಿಂತ ತುಸು ಹೆಚ್ಚು. ಸಿದ್ಧವಾಗಿ ಕೊಂಡು ತಂದವಲ್ಲ. ಡಬ್ಬಿ ತೆರೆದರೆ ಒಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿರುತ್ತವೆ, ಅವುಗಳಿಗೆ ಬಳ್ಳಿಗೆ ಕಾಯಿ ಹಿಡಿದಂತೆ ನೂರಾರು ಬಿಡಿಭಾಗಗಳು ಅಂಟಿಕೊಂಡಿರುತ್ತವೆ. ಒಂದೊಂದನ್ನೇ ಕತ್ತರಿಸಬೇಕು, ಕತ್ತರಿಸಿದ ಗುರುತನ್ನು ಉಪ್ಪುಕಾಗದದಿಂದ ತಿಕ್ಕಬೇಕು, ಅಂಟು ಹಾಕದೆ ಒತ್ತಿ ಕೂರಿಸಬೇಕು. ಟಕ್ ಎಂದು ಸಣ್ಣ ಸದ್ದಾಗುತ್ತದೆ. ಆ ಸದ್ದಿಗಾಗಿ ನಾನು ಏನು ಬೇಕಾದರೂ ಮಾಡುತ್ತೇನೆ. ಸುಳ್ಳು ಕೂಡ ಹೇಳಿದ್ದೇನೆ, ಅದೂ ಅವ್ವನಿಗೆ, ಮೂರು ವರ್ಷ.

ನಾನು ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಡ್ರಾಯಿಂಗ್ ಮಾಡುವವಳು. ಬೇರೆ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ತಗಡಿನ ಮೂಲೆಪಟ್ಟಿ, ಹಿಡಿಕೆ, ಬುಡ, ಇಂಥವನ್ನು ಕಂಪ್ಯೂಟರಿನಲ್ಲಿ ಗೆರೆ ಎಳೆದು ಕೊಡುವ ಕೆಲಸ. ಹದಿನಾಲ್ಕು ವರ್ಷದಿಂದ ಮೂಲೆಪಟ್ಟಿಗಳನ್ನು ಬರೆಯುತ್ತಿದ್ದೇನೆ, ಅವು ಕೊನೆಗೆ ಎಲ್ಲಿ ಹೋಗಿ ಕೂರುತ್ತವೆಂದು ಒಂದು ಸಲವೂ ಕಂಡಿಲ್ಲ. ಒಮ್ಮೆ ಸಹೋದ್ಯೋಗಿಯೊಬ್ಬಳು ತನ್ನ ತಮ್ಮ ಬೇಸರಗೊಂಡು ಬಿಟ್ಟ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಊಟದ ಬಿಡುವಿನಲ್ಲಿ ಬರೀ ಒಂದು ಕಾಲು ಜೋಡಿಸಿ ನೋಡೋಣ ಅಂದುಕೊಂಡೆ. ಮೊಣಕಾಲು ಮಡಚಿದಾಗ ತೊಡೆಯ ಮೇಲಿನ ರಕ್ಷಾಕವಚ ತಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅನ್ನ ಆರಿಹೋಯಿತು.

ಯಾರೋ ಒಬ್ಬ ಚಿತ್ರಗಾರ ಮನಸ್ಸಿಗೆ ಬಂದಂತೆ ಕಾಲು ಗೀಚಿರುತ್ತಾನೆ. ಅದು ಮಡಚುತ್ತದೋ ಇಲ್ಲವೋ ಅವನಿಗೇನು? ಕಾಗದದ ಮೇಲೆ ಎಲ್ಲವೂ ಮಡಚುತ್ತದೆ. ಆದರೆ ಎಲ್ಲೋ ಒಂದು ಕಡೆ ನನ್ನಂಥವಳು ಕೂತು ಆ ಗೀಚನ್ನು ನಿಜವಾಗಿ ಮಡಚುವ ಮೊಣಕಾಲು ಮಾಡಬೇಕು. ಆಕೆ ಎಷ್ಟು ಸಲ ಅಳಿಸಿರಬಹುದು? ಚಿತ್ರಗಾರನಿಗೆ ಎಷ್ಟು ಶಾಪ ಹಾಕಿರಬಹುದು? ಪ್ರತಿ ಡಬ್ಬಿ ತೆರೆದಾಗಲೂ ನನಗೆ ಇದೇ ಕುತೂಹಲ. ಒಳಗಿನ ಪುಸ್ತಿಕೆ ಪೂರ್ತಿ ಜಪಾನಿ ಲಿಪಿಯಲ್ಲಿ, ನನಗೆ ಒಂದಕ್ಷರ ಬಾರದು. ಚಿತ್ರ ನೋಡಿಕೊಂಡೇ ಮುಂದೆ ಹೋಗುವುದು. ಒಂದು ಭಾಗವನ್ನು ತಿರುವುಮುರುವಾಗಿ ಕೂರಿಸಿ, ಮೂರು ಹೆಜ್ಜೆ ಆದಮೇಲೆ ತಪ್ಪು ಗೊತ್ತಾಗಿ, ಎಲ್ಲ ಬಿಚ್ಚಿ, ಮತ್ತೆ ಕೂರಿಸಿದಾಗ, ಓಹೋ, ಇದಕ್ಕೇ ಇಲ್ಲಿ ಈ ಕಚ್ಚು ಇಟ್ಟಿದ್ದಾಳೆ ಮಾರಾಯ್ತಿ ಎಂದು ತಿಳಿಯುತ್ತದೆ. ಅದು ಹೆಂಗಸೇ ಎಂದು ನಾನು ಯಾಕೆ ನಿರ್ಧರಿಸಿದೆನೋ ಗೊತ್ತಿಲ್ಲ.

ಅಪ್ಪ ತೀರಿಕೊಂಡ ಮೇಲೆ ಸನತ್‌ನಗರದ ಬಾಡಿಗೆ ಮನೆ ಬಿಟ್ಟು ಅವ್ವ ನನ್ನ ಮಿಯಾಪುರದ ಫ್ಲಾಟಿಗೆ ಬಂದಳು. ಬಂದ ವಾರದಲ್ಲೇ ಒಂದು ಪಾರ್ಸೆಲ್ ಬಂತು. ಬಾಗಿಲು ತೆಗೆದವಳು ಅವ್ವ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಲ್ಲಾಡಿಸಿ, ಕಿವಿಗೆ ಹಚ್ಚಿ ಕೇಳಿದಳು.

"ಏನವಾ ಇದು, ಗಲಗಲ ಅನ್ನಾಕತ್ತೈತಿ?"

ನನಗೆ ಆಗ ಮೂವತ್ತೇಳು. ನನ್ನ ಓರಗೆಯವರ ಮಕ್ಕಳು ಹತ್ತನೇ ತರಗತಿ ಬರೆಯುತ್ತಿದ್ದರು. ನನ್ನ ಮದುವೆಯ ಮಾತು ಎತ್ತೆತ್ತಿ ಸುಸ್ತಾಗಿದ್ದ ಕಲಬುರಗಿಯ ಬಳಗದವರಿಗೆ, ಈಕೆ ರಜೆ ದಿನ ಗೊಂಬೆ ಜೋಡಿಸುತ್ತಾ ಕೂರುತ್ತಾಳೆ ಎಂಬ ಸುದ್ದಿ ಸಿಕ್ಕಿದ್ದರೆ ಹಬ್ಬ ಆಗುತ್ತಿತ್ತು. ಅವರ ಮಾತು ಹೋಗಲಿ. ಅವ್ವ ನಕ್ಕುಬಿಟ್ಟರೆ? ಆ ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಆಫೀಸಿಂದು, ಅವ್ವ. ಮಾಡೆಲ್. ಜೋಡ್ಸಿ ನೋಡಬೇಕು, ಡ್ರಾಯಿಂಗ್ ಸರಿ ಐತೋ ಇಲ್ಲೋ ಅಂತ."

ಅಷ್ಟೇ. ಅವ್ವ ಡಬ್ಬಿಯನ್ನು ಮೆಲ್ಲಗೆ, ಎರಡೂ ಕೈಯಿಂದ, ಮೇಜಿನ ಮೇಲಿಟ್ಟಳು. ಅಂದಿನಿಂದ ಆ ಮೇಜಿನ ಮೇಲೆ ಅವಳು ಒಂದು ಲೋಟವನ್ನೂ ಇಡಲಿಲ್ಲ.

ಇದರ ಹಿಂದೆ ಒಂದು ವಿಷಯ ಇದೆ. ಅಪ್ಪ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಕೆಲಸಕ್ಕೆಂದು ಕಲಬುರಗಿ ಬಿಟ್ಟು ಬಂದವನು. ತಿಂಗಳಲ್ಲಿ ಅರ್ಧ ರಾತ್ರಿಪಾಳಿ. ಬೆಳಗಿನ ಹೊತ್ತು ಅಪ್ಪ ಮಲಗಿರುವಾಗ ನಮ್ಮ ಒಂದೂವರೆ ಖೋಲಿಯ ಮನೆಯಲ್ಲಿ ಪಾತ್ರೆಯ ಸದ್ದು ಕೂಡ ಆಗಕೂಡದು. ಅವ್ವ ಜ್ವಾಳದ ರೊಟ್ಟಿಯನ್ನೂ ಸದ್ದಿಲ್ಲದೆ ತಟ್ಟಲು ಕಲಿತಿದ್ದಳು, ಇದು ಉತ್ಪ್ರೇಕ್ಷೆಯಲ್ಲ, ನೋಡಿದವಳು ನಾನು. ಕೆಲಸಕ್ಕೆ ಮರ್ಯಾದೆ ಕೊಡುವುದೆಂದರೆ ಅವಳ ಲೆಕ್ಕದಲ್ಲಿ ಬಾಯಿ ಮುಚ್ಚಿಕೊಂಡಿರುವುದು. ಆ ಶಿಸ್ತನ್ನು ಮಿಯಾಪುರಕ್ಕೂ ತಂದಳು. ಭಾನುವಾರ ನಾನು ಮೇಜಿನ ಮುಂದೆ ಕೂತರೆ ಟಿವಿ ಆರುತ್ತಿತ್ತು, ಮಿಕ್ಸರ್ ನಿಲ್ಲುತ್ತಿತ್ತು, ಅವ್ವ ಫೋನು ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಊಟದ ತಟ್ಟೆಯನ್ನು ಮುಚ್ಚಿಟ್ಟು, ತಾನು ಒಬ್ಬಳೇ ಉಂಡು, ಒಳಗಿನ ಖೋಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದಳು. ನನಗೆ ಒಳ್ಳೆಯದೇ ಆಯಿತು. ಸುಳ್ಳು ಹೇಳಿದ್ದಕ್ಕೆ ಇಷ್ಟು ಸವಲತ್ತು ಸಿಗುತ್ತದೆಂದು ಗೊತ್ತಿದ್ದರೆ ಇನ್ನೂ ಮೊದಲೇ ಹೇಳುತ್ತಿದ್ದೆ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ನಿಜ, ಈಗ ಬರೆಯಲು ನಾಚಿಕೆಯಾಗುತ್ತದೆ.

ಬಾಲ್ಕನಿಯಿಂದ ಒಮ್ಮೊಮ್ಮೆ ಅವ್ವನ ಮಾತು ಕೇಳುತ್ತಿತ್ತು. ಕಲಬುರಗಿಯ ಚಿಕ್ಕವ್ವನಿಗೆ ಹೇಳುತ್ತಿದ್ದಳು: "ಇಲ್ಲs, ಐತಾರ ಸುದ್ದಾ ಬಿಡುವಿಲ್ಲ ಆಕೀಗೆ. ಮಶೀನಿನ ಮನಶ್ಯಾರನ್ನ ಮಾಡಾಕತ್ತಾಳ. ಭಾಳ ನಾಜೂಕು ಕೆಲಸ. ಅವರಪ್ಪನ ಕೈ ಬಂದೈತಿ." ಇದನ್ನು ಕೇಳಿದ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಸುಳ್ಳು ಈಗ ನನ್ನೊಬ್ಬಳದಾಗಿ ಉಳಿದಿರಲಿಲ್ಲ, ಅವ್ವನ ಹೆಮ್ಮೆಯೂ ಅದರ ಮೇಲೆ ಕೂತಿತ್ತು.

ಅವ್ವನಿಗೂ ಕುತೂಹಲ ಕಡಿಮೆ ಇರಲಿಲ್ಲ. ಮಂಗಳವಾರವೋ ಬುಧವಾರವೋ, ನಾನು ಮೇಜಿಗೆ ಕೂರದ ದಿನದ ಸಂಜೆ, ಕೈ ಹಿಂದೆ ಕಟ್ಟಿಕೊಂಡು ಕಪಾಟಿನ ಮುಂದೆ ನಿಲ್ಲುತ್ತಿದ್ದಳು.

"ಒಳಗ ಯಾರರ ಕುಂತಿರ್ತಾರೇನು, ಇಲ್ಲಾ ತಾನs ಓಡ್ಯಾಡತೈತೇನು?"

"ಕುಂತಿರ್ತಾರ. ಎದಿಯೊಳಗ ಒಂದು ಖೋಲಿ ಇರ್ತೈತಿ."

"ಇಂವ ಖರೇವಂದ್ರ ಎಷ್ಟ ದೊಡ್ಡಾಂವ?"

ಇದಕ್ಕೆ ಲೆಕ್ಕ ಇದೆ. ಎಲ್ಲವನ್ನೂ ನೂರ ನಲವತ್ತನಾಲ್ಕು ಪಾಲು ಕುಗ್ಗಿಸಿರುತ್ತಾರೆ. ನಾನು ಅಡುಗೆಮನೆಗೆ ಹೋಗಿ ಒಂದು ಶೇಂಗಾಕಾಳು ತಂದು ರೋಬೋದ ಕಾಲ ಬಳಿ ಇಟ್ಟೆ. "ನೀನೂ ನಾನೂ ಇಷ್ಟs ಇರ್ತಿದ್ವಿ." ಅವ್ವ ಬಗ್ಗಿ ಕಾಳನ್ನು ನೋಡಿದಳು, ಮೇಲೆ ರೋಬೋದ ತಲೆ ನೋಡಿದಳು, ಮತ್ತೆ ಕಾಳು ನೋಡಿದಳು. "ಯವ್ವಾ" ಅಂದಳು. ಒಳಗೆ ಕೂರುವವನು ಮೇಲೆ ಹತ್ತುವುದು ಹೇಗೆ, ಒಳಗೆ ಸೆಕೆ ಆಗುವುದಿಲ್ಲವೇ, ಬಿದ್ದರೆ ಎತ್ತುವವರು ಯಾರು, ಎಂದು ಒಂದರ ಮೇಲೊಂದು ಕೇಳಲು ಶುರುಮಾಡಿದಳು. ಎಲ್ಲವೂ ನಾನೇ ಕೇಳಿಕೊಂಡಿದ್ದ ಪ್ರಶ್ನೆಗಳು. ಬಾಯಿ ತುರಿಸುತ್ತಿತ್ತು. ಆದರೆ ಹೆಚ್ಚು ಮಾತಾಡಿದರೆ ಕಾರ್ಟೂನಿನ ವಿಷಯ ಹೊರಬೀಳುತ್ತದೆ, ಆಫೀಸಿನ ಕಥೆ ಕುಸಿಯುತ್ತದೆ. "ಅದೆಲ್ಲ ಆಫೀಸಿನ ಗುಟ್ಟು ಅವ್ವ, ಹೊರಗ ಹೇಳಂಗಿಲ್ಲ" ಅಂದೆ. ಅವ್ವ ತಕ್ಷಣ ತಲೆಯಾಡಿಸಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು.

ಹೀಗೆ ಮೂರು ವರ್ಷ ಕಳೆದು ಆ ಖಂಡೆ ನವಮಿ ಬಂತು. ದಸರೆಯ ಹಿಂದಿನ ದಿನ ನಮ್ಮ ಕಡೆ ಖಂಡೆ ಪೂಜೆ. ಯಾವುದರಿಂದ ಅನ್ನ ಹುಟ್ಟುತ್ತದೋ ಅದನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಹೂವಿಟ್ಟು ಕೈಮುಗಿಯುವುದು. ಅಪ್ಪ ಇದ್ದಷ್ಟು ದಿನ ಅವನ ಅರ, ಪಾನೆ, ಸುತ್ತಿಗೆಗಳೆಲ್ಲ ಅಂದು ದೇವರ ಮುಂದೆ ಮಣೆಯ ಮೇಲೆ ಕೂರುತ್ತಿದ್ದವು. ಅವನು ಹೋದಮೇಲೆ ಆ ಮಣೆ ಹೊರಬಂದಿರಲಿಲ್ಲ. ನನಗೆ ಅಂದು ಬೆಳಿಗ್ಗೆ ಕಾರ್ಖಾನೆಯಲ್ಲೂ ಪೂಜೆ. ಮೆಟ್ರೊ ಹಿಡಿದು ಬಾಲಾನಗರಕ್ಕೆ ಹೋಗಿ, ಲೇತ್ ಯಂತ್ರಕ್ಕೆ ಒಡೆದ ಕಾಯಿಯ ಪ್ರಸಾದ, ಒಂದು ಪೊಟ್ಟಣ ಲಡ್ಡು ತೆಗೆದುಕೊಂಡು ಮಧ್ಯಾಹ್ನ ಮನೆಗೆ ಬಂದೆ.

ಕಪಾಟು ಖಾಲಿ ಇತ್ತು.

ಹನ್ನೊಂದೂ ದೇವರ ಮುಂದೆ ಮಣೆಯ ಮೇಲೆ ಸಾಲಾಗಿ ನಿಂತಿದ್ದವು. ಕತ್ತಿ ಹಿಡಿದದ್ದು, ಬಂದೂಕು ಹಿಡಿದದ್ದು, ರೆಕ್ಕೆ ಇದ್ದದ್ದು, ಎಲ್ಲದರ ಹಣೆಗೂ ಕುಂಕುಮ, ಎದೆಗೆ ಕಲಸಿದ ಅರಿಷಿಣದ ಮೂರು ಬೆರಳಿನ ಗೆರೆ, ತಲೆಯ ಮೇಲೆ ಒಂದೊಂದು ಚೆಂಡುಹೂವು. ಕಪ್ಪು ರೋಬೋಗೂ ಕೆಂಪು ರೋಬೋಗೂ ಅದು ಚೆನ್ನಾಗಿಯೇ ಒಪ್ಪುತ್ತಿತ್ತು ಎಂದು ಹೇಳಲೇಬೇಕು. ಆದರೆ ಬಿಳಿಯದು? ಅದನ್ನು ಜೋಡಿಸಲು ನನಗೆ ಎಂಟು ಭಾನುವಾರ ಹಿಡಿದಿತ್ತು. ಹಾಲಿನಂಥ ಪ್ಲಾಸ್ಟಿಕ್ಕಿನೊಳಗೆ ಹಳದಿ ಇಳಿದುಹೋಗಿತ್ತು.

"ಅವ್ವ!" ಎಂದು ಕಿರುಚಿದೆ. "ಏನ್ ಮಾಡಿಟ್ಟೀ ಇದು! ಇನ್ನ ಹೋಗಂಗಿಲ್ಲದು. ಪೂರ್ತಿ ಹಾಳಾತು!"

ನನಗೆ ಸಿಟ್ಟು ಬಂದರೆ ಮಾತಿಗೆ ಲಗಾಮಿಲ್ಲ. ಕೇಳದೆ ಯಾಕೆ ಮುಟ್ಟಿದೆ, ನಿನಗೇನು ಗೊತ್ತಾಗುತ್ತದೆ, ಇದರ ಬೆಲೆ ಗೊತ್ತೇ ನಿನಗೆ, ಎಂದೆಲ್ಲ ಅಂದೆ. ಅಂದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಹತ್ತು ನಿಮಿಷ ಆಗಿರಬಹುದು. ಹೊರಗೆ ಬಂದಾಗ ಅಡುಗೆಮನೆಯಲ್ಲಿ ನೀರಿನ ಸದ್ದು.

ಅವ್ವ ನಲ್ಲಿಯ ಕೆಳಗೆ ಬಿಳಿ ರೋಬೋವನ್ನು ಹಿಡಿದು ಪಾತ್ರೆಯ ಸೋಪಿನಿಂದ ತಿಕ್ಕುತ್ತಿದ್ದಳು. ಅರಿಷಿಣಕ್ಕೆ ಸೋಪು ತಾಕಿದರೆ ಏನಾಗುತ್ತದೆಂದು ಶಾಲೆಯಲ್ಲಿ ಕಲಿತವರಿಗೆ ಗೊತ್ತು. ಹಳದಿ ಹೋಗಿ ಕೆಂಪಾಗುತ್ತದೆ. ತಿಕ್ಕಿದಷ್ಟೂ ರೋಬೋದ ಎದೆ ಕೆಂಪಾಗುತ್ತಿತ್ತು, ಕೆಂಪಾದಷ್ಟೂ ಅವ್ವ ಜೋರಾಗಿ ತಿಕ್ಕುತ್ತಿದ್ದಳು. ಹಣೆಯ ಮೇಲಿದ್ದ ಕೊಂಬು ಮುರಿದು ಸಿಂಕಿನ ಜಾಲರಿಯಲ್ಲಿ ಬಿದ್ದಿತ್ತು. ಅವಳು ನನ್ನ ಕಡೆ ತಿರುಗಿದಳು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಬಿಟ್ಟರೆ ಅವ್ವನ ಮುಖದಲ್ಲಿ ಅಂಥ ಅಂಜಿಕೆಯನ್ನು ನಾನು ನೋಡಿರಲಿಲ್ಲ.

"ನೌಕರಿಗೆ ಏನರ ಆದೀತೇನವಾ?" ಅಂದಳು. "ನಾ ಬರ್ತೀನಿ ನಿಮ್ಮ ಆಫೀಸಿಗೆ. ಸಾಹೇಬರ ಮುಂದ ನಾನs ಹೇಳ್ತೀನಿ. ಹುಡುಗೀದು ಏನೂ ತಪ್ಪಿಲ್ರಿ, ಮುದುಕಿಗೆ ತಿಳೀಲಿಲ್ರಿ ಅಂತೀನಿ. ಕಾಲ್ ಬೀಳ್ತೀನಿ ಬೇಕಾರ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇನ್ನೊಂದು ಸುಳ್ಳು ಸಿದ್ಧವಾಗಿಯೇ ಇತ್ತು: ಚಿಂತೆ ಬೇಡ, ಆಫೀಸಿನವರು ಬೇರೆ ಕೊಡುತ್ತಾರೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವ್ವ ನಂಬುತ್ತಿದ್ದಳು. ಆದರೆ ಒದ್ದೆ ಕೈಯಲ್ಲಿ ಆ ಗೊಂಬೆಯನ್ನು ಎತ್ತಿ ಹಿಡಿದುಕೊಂಡು, ಯಾರೋ ಕಾಣದ ಸಾಹೇಬನ ಕಾಲಿಗೆ ಬೀಳಲು ಸೆರಗು ಸರಿಮಾಡಿಕೊಳ್ಳುತ್ತಿದ್ದ ಅವಳ ಮುಂದೆ ಅದು ಬಾಯಿಂದ ಹೊರಡಲಿಲ್ಲ.

"ಆಫೀಸಿಂದಲ್ಲವ್ವ ಅದು," ಅಂದೆ. "ನಂದು. ಎಲ್ಲಾ ನಂದs. ಟಿವಿಯೊಳಗ ಬರೋ ಗೊಂಬಿ. ನಾನs ತರಸ್ತೀನಿ. ಸುಮ್ನ, ಖುಷಿಗೆ."

ಅವ್ವ ನಲ್ಲಿ ನಿಲ್ಲಿಸಿದಳು. ಗೊಂಬೆಯನ್ನು ನೋಡಿದಳು.

"ಎಲ್ಲಾನೂ?"

"ಹನ್ನೊಂದೂ."

"ಆಫೀಸಿನ ಕೆಲಸ ಯಾವುದೂ ಇರಲಿಲ್ಲೇನು?"

"ಇಲ್ಲ."

"ಐತಾರ ಐತಾರ ಕುಂಡ್ರತಿದ್ದೆಲ್ಲ, ಅದೂ?"

"ಅದೂ ಅವ್ವ. ಆಡಾಕತ್ತಿದ್ದೆ."

ಅವಳು ಬೈಯುತ್ತಾಳೆ ಅಂದುಕೊಂಡೆ. ಇಲ್ಲವೇ ನಗುತ್ತಾಳೆ, ಚಿಕ್ಕವ್ವನಿಗೆ ಫೋನು ಮಾಡಿ ಇಬ್ಬರೂ ಸೇರಿ ನಗುತ್ತಾರೆ. ಎರಡಕ್ಕೂ ಸಿದ್ಧಳಾಗಿ ನಿಂತಿದ್ದೆ. ಅವ್ವ ಸೆರಗಿನಿಂದ ರೋಬೋದ ನೀರು ಒರೆಸಿದಳು, ಕೈಕಾಲಿನ ಸಂದಿಗಳನ್ನೂ ಬಿಡದೆ ಒರೆಸಿದಳು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡದೆ ಅಂದಳು:

"ಮೂರು ವರ್ಷ ಆ ಖೋಲ್ಯಾಗ ಬಾಗಲಾ ಮುಚ್ಚಿಕೊಂಡು, ಗ್ವಾಡಿ ನೋಡ್ಕೋತ ಕುಂತೀನಿ. ಕೆಮ್ಮು ಬಂದ್ರ ಬಾಯಿಗೆ ಸೆರಗು ಇಟ್ಕೊಂಡು ಕೆಮ್ಮೀನಿ. ಆಡಾಕತ್ತೀನಿ ಅಂದಿದ್ರ ನಾನೂ ಬಂದು ನಿನ್ನ ಬಾಜೂಕ ಕುಂಡ್ರತಿದ್ನೆಲ್ಲವಾ."

ಅವ್ವ ನಗುತ್ತಾಳೆ ಎಂದು ಮೂರು ವರ್ಷ ಹೆದರಿದ್ದೆ. ಆ ಹೊತ್ತು ಅವಳು ನಕ್ಕಿದ್ದರೆ ಸಾಕಾಗಿತ್ತು ನನಗೆ.