ನೆಟ್ಟಗಾಗಿ ಮತ್ತೆ ಬಾಗಿದ ಕಾಲು

ಸೊಹಾಗ್ ಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ, ಹಿಟ್ಟನ್ನು ಬಿಸಿಲಿಗಿಟ್ಟು ಹುದುಗಿಸಿ ಬಿಸಿಲ ರೊಟ್ಟಿ ಸುಟ್ಟು ಮಾರುವ ರೌಹಿಯಾಳಿಗೆ ಸಿಟ್ಟು ಹೊಸದೇನಲ್ಲ. ಮಗಳು ನಗ್ಲಾಳ ಮಂಡಿಗಳು ಒಂದಕ್ಕೊಂದು ತಾಗಿ ಹುಡುಗಿ ಮುಗ್ಗರಿಸುತ್ತಿದ್ದಾಗ, ಬೆಳೆದರೆ ಸರಿಹೋಗುತ್ತೆ ಎಂದ ಅತ್ತೆಯೊಡನೆ ಆರು ತಿಂಗಳು ಮಾತು ಬಿಟ್ಟಿದ್ದಳು. ಒಂಬತ್ತು ತುಂಬಿದಾಗ ದೊಡ್ಡಾಸ್ಪತ್ರೆಯಲ್ಲಿ ಎರಡೂ ಮಂಡಿಯ ಒಳಮಗ್ಗುಲಿಗೆ ಪುಟ್ಟ ಲೋಹದ ಪಟ್ಟಿ ಕೂರಿಸಿದರು. ಒಳಗಡೆಯ ಬೆಳವಣಿಗೆ ತಡೆದರೆ ಹೊರಗಡೆಯದು ಬೆಳೆದು ಕಾಲು ನೆಟ್ಟಗಾಗುತ್ತದೆ. ಆದ ಕೂಡಲೇ ಪಟ್ಟಿ ತೆಗೆಯಬೇಕು, ಇಲ್ಲದಿದ್ದರೆ ಕಾಲು ಹೊರಕ್ಕೆ ಬಾಗುತ್ತದೆ, ಮೂರು ತಿಂಗಳಿಗೊಮ್ಮೆ ತಪ್ಪದೆ ಬಾ ಎಂದಿದ್ದರು.

ತಪ್ಪಲಿಲ್ಲ. ಎಂಟನೇ ತಿಂಗಳಿಗೆ ಕಾಲು ನೆಟ್ಟಗಾಗಿದ್ದು ಅವಳ ಕಣ್ಣಿಗೇ ಕಂಡಿತ್ತು. ಆದರೆ ಚೀಟಿ ಕೊಡುವ ಕಿಟಕಿಯ ಫಿಕ್ರಿ ಒಮ್ಮೆ ಎಕ್ಸರೇ ಯಂತ್ರ ಕೆಟ್ಟಿದೆಯೆಂದ, ಇನ್ನೊಮ್ಮೆ ಡಾಕ್ಟರು ರಜೆಯೆಂದ, ಮತ್ತೊಮ್ಮೆ ರಂಜಾನ್ ಕಳೆಯಲಿ ಎಂದ. ಪ್ರತಿ ಸಲವೂ ಹೊಸ ತಾರೀಖು ಬರೆದು ಮೊಹರು ಒತ್ತಿದ. ಅವಳು ಮನೆಗೆ ಮರಳುವಷ್ಟರಲ್ಲಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟ ಹಿಟ್ಟು ಹುಳಿ ಹೊಡೆದಿರುತ್ತಿತ್ತು. ಹೀಗೇ ಇನ್ನೊಂದು ವರ್ಷ ಹೋಯಿತು. ನಗ್ಲಾಳ ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿದವು.

ಹೊಸದಾಗಿ ಬಂದ ಡಾಕ್ಟರ್ ನಿವೀನ್ ಎಕ್ಸರೇ ನೋಡಿ ಹುಬ್ಬು ಗಂಟಿಕ್ಕಿದಳು. "ಇಷ್ಟು ದಿನ ಯಾಕಮ್ಮ ಕರ್ಕೊಂಡು ಬರ್ಲಿಲ್ಲ? ಹೆತ್ತವ್ರೇ ಹೀಗೆ ಉದಾಸೀನ ಮಾಡಿದ್ರೆ ಹೇಗೆ?"

ರೌಹಿಯಾ ಉಡುಪಿನೊಳಗಿಂದ ಬೆವರಿಗೆ ಮೆತ್ತಗಾದ ಐದು ಚೀಟಿ ತೆಗೆದು ಮೇಜಿನ ಮೇಲೆ ಹರಡಿದಳು. ತಾರೀಖುಗಳನ್ನು ಓದಿದ ನಿವೀನ್‌ಳ ಮುಖ ಕೆಂಪಾಯಿತು. ಆಪರೇಷನ್ನಿಗೆ ಎರಡು ತಿಂಗಳ ಸರದಿಯಿದೆ ಎಂದು ಮೆಲ್ಲಗೆ ಹೇಳಿದಳು.

"ಇವಳ ಎಲುಬು ನಿಮ್ಮ ಸರದಿ ನೋಡ್ಕೊಂಡು ಬೆಳೆಯಲ್ಲ ಡಾಕ್ಟ್ರೇ. ಪಟ್ಟಿ ಹಾಕಿದ್ದು ನೀವು. ತೆಗೆಯೋವರ್ಗೂ ನಾನಿಲ್ಲಿಂದ ಏಳಲ್ಲ. ಪೊಲೀಸ್ರನ್ನ ಕರೀತೀರಾ, ಕರೀರಿ. ಅವ್ರಿಗೂ ಚೀಟಿ ಓದಕ್ಕೆ ಬರುತ್ತೆ."

ಗದ್ದಲ ಕೇಳಿ ಬಂದ ಫಿಕ್ರಿ, ಎಲ್ಲ ದೇವರಿಚ್ಛೆ, ತಾಳ್ಮೆ ಇರಲಿ ಎಂದ.

"ದೇವ್ರ ಹೆಸ್ರು ಎತ್ಬೇಡ ಕಣಯ್ಯ. ಮೊಹರು ಒತ್ತಿದ್ದು ನಿನ್ ಕೈ."

ತಾಯಿ ಮಗಳು ಎರಡು ದಿನ ಡಾಕ್ಟರ ಕೋಣೆಯ ಹೊರಗಿನ ಓಣಿಯಂಥ ಹಜಾರದಲ್ಲೇ ಕುಳಿತರು. ಉಳಿದ ರೋಗಿಗಳ ಮನೆಯವರು ತಾವು ಬೇಯಿಸಿ ತಂದ ಅವರೆಯನ್ನು ಅವರೊಡನೆ ಹಂಚಿಕೊಂಡರು. ಮೂರನೇ ದಿನ ನಿವೀನ್ ಮೇಲಿನವರೊಡನೆ ಜಗಳವಾಡಿ ಪಟ್ಟಿ ತೆಗೆದಳು. ಆಮೇಲೆ ಹಾಸಿಗೆಯ ಪಕ್ಕ ನಿಂತು ಕ್ಷಮೆ ಕೇಳಿದಳು. ರೌಹಿಯಾ ತಲೆಯಾಡಿಸಿದಳು, ಅಷ್ಟೇ.

ಬಲಗಾಲು ಬೆಳೆಯುತ್ತ ತಾನಾಗಿಯೇ ಮತ್ತೆ ನೆಟ್ಟಗಾಯಿತು. ಎಡಗಾಲಿಗೆ ಮಾತ್ರ ಹೊರಮಗ್ಗುಲಿಗೆ ಪಟ್ಟಿ ಹಾಕಲು ಮಗುವನ್ನು ಮತ್ತೆ ಕೊಯ್ಯಬೇಕಾಯಿತು. ಆ ಒಂದು ಕೊಯ್ತವನ್ನು ರೌಹಿಯಾ ಇವತ್ತಿಗೂ ಕ್ಷಮಿಸಿಲ್ಲ.